ನೆಲ ಮುಟ್ಟಬಾರದ ಕೊಡ

"ಗುರುಗಳೇ, ಪ್ರತಿಮೆಯನ್ನು ಇಳಿಸಬೇಕೋ, ಉಳಿಸಬೇಕೋ?"

ಹೀಗೆ ಕೇಳಿದವನು ಮಠದ ಹಿರಿಯ ಶಿಷ್ಯ ಚೆನ್ನವೀರ. ಪೇಟೆಯ ನಡುವಿನ ಒಂದು ಹಳೆಯ ಪ್ರತಿಮೆಗಾಗಿ ಜಗಳವಾಗಿ, ಹೊರಗೆ ಅಂಗಳದಲ್ಲಿ ಪೇಟೆಯ ಜನ ಎರಡು ಗುಂಪಾಗಿ ನಿಂತಿದ್ದರು. ಒಂದು ಗುಂಪಿನವರ ಹೆಗಲ ಮೇಲೆ ಹಗ್ಗವಿತ್ತು. ಇನ್ನೊಂದು ಗುಂಪಿನವರ ಕೈಯಲ್ಲಿ ಹೂವಿನ ಹಾರವಿತ್ತು, ಹಾರದ ಮರೆಯಲ್ಲಿ ದೊಣ್ಣೆಯೂ ಇತ್ತು. ಮಠದಿಂದ ಯಾವ ಮಾತು ಬಂದರೂ ಅದಕ್ಕೆ ಬದ್ಧ ಎಂದು ಎರಡೂ ಕಡೆಯವರು ಆಣೆ ಇಟ್ಟಿದ್ದರು. ಗುರುಗಳಿಗೆ ಎದ್ದು ಹೋಗುವ ಶಕ್ತಿ ಇರಲಿಲ್ಲ. ಹೊರಗೆ ನಿಂತು ಆ ಮಾತನ್ನು ಹೇಳಬೇಕಾದವನು ಚೆನ್ನವೀರನೇ.

"ನಿನಗೆ ಏನನ್ನಿಸುತ್ತದೆ?" ಎಂದರು ಗುರುಗಳು.

"ಇಳಿಸಬೇಕು ಅನ್ನಿಸುತ್ತದೆ. ಅನ್ಯಾಯ ಮಾಡಿದವನಿಗೆ ಪೀಠವೇಕೆ? ಆದರೆ ಇಳಿಸಿ ಎಂದರೆ ಈಗಲೇ ತಲೆಗಳು ಒಡೆಯುತ್ತವೆ. ಬೇಡ ಎಂದರೂ ಒಡೆಯುತ್ತವೆ. ನೀವು ಹೌದು ಅನ್ನಿ, ಇಲ್ಲವೇ ಅಲ್ಲ ಅನ್ನಿ. ಹೋಗಿ ಹೇಳಿಬಿಡುತ್ತೇನೆ."

"ಹೌದು, ಅಲ್ಲ ಅನ್ನುವುದಕ್ಕೆ ಗುರು ಯಾಕೆ? ಒಂದು ಗಿಣಿ ಸಾಕಿಕೊಂಡರೆ ಆಯಿತು. ಕೂತುಕೋ" ಎಂದು ಗದರಿ, ಗುರುಗಳು ಈ ಕತೆ ಹೇಳಿದರು.

ಒಂದು ಊರಿಗೆ ಕೋಟೆಯಿತ್ತು. ಕೋಟೆಯ ಹೆಬ್ಬಾಗಿಲಿನ ಒಳಗಡೆ, ಕಾಲಿಟ್ಟೊಡನೆ ಕಾಣುವಂತೆ, ಒಬ್ಬ ದಳವಾಯಿಯ ಕಲ್ಲಿನ ಪ್ರತಿಮೆ ನಿಂತಿತ್ತು. ಅವನ ಬಲಗೈ ಮುಂದಕ್ಕೆ ಚಾಚಿತ್ತು. ಅಂಗೈ ಬಾಗಿಲಿನ ಕಡೆಗಿತ್ತು. ಕೋಟೆಯೊಳಗಿನವರು ಅದನ್ನು ಅಭಯಹಸ್ತ ಎಂದು ಕರೆದು ಕೈ ಮುಗಿಯುತ್ತಿದ್ದರು. ಕೋಟೆಯ ಹೊರಗೆ ನೇಕಾರರ ಕೇರಿಯಿತ್ತು. ಬಟ್ಟೆ ಮಾರಲು ಒಳಗೆ ಬರುವ ಕೇರಿಯವರು ಆ ಕೈಯ ಕೆಳಗೆ ತಲೆ ತಗ್ಗಿಸಿ ಹೋಗುತ್ತಿದ್ದರು. ಅದು ಭಕ್ತಿಯಿಂದಲ್ಲ.

ಎರಡೂ ಕಡೆಯವರ ಮನಸ್ಸಿನಲ್ಲಿ ಇದ್ದುದು ಒಂದೇ ದಿನದ ನೆನಪು. ಹಿಂದೆ ಒಮ್ಮೆ ಶತ್ರುಗಳ ದಂಡು ಆ ಊರಿನ ಮೇಲೆ ಬಂದಿತ್ತು. ಕುದುರೆಗಳ ಧೂಳು ಕಾಣಿಸಿದ ಕೂಡಲೇ ಕೇರಿಯ ಜನ ಮಗ್ಗ ಬಿಟ್ಟು, ಮಕ್ಕಳನ್ನು ಎತ್ತಿಕೊಂಡು, ಹೆಬ್ಬಾಗಿಲಿನ ಕಡೆಗೆ ಓಡಿದರು. ಅವರ ಬೆನ್ನಿಗೇ ದಂಡು ಬರುತ್ತಿತ್ತು. ದಳವಾಯಿ ಕೋಟೆಯ ಗೋಡೆಯ ಮೇಲಿನಿಂದ ನೋಡಿದ. ಕೈ ಚಾಚಿ, ಬಾಗಿಲು ಹಾಕಿ ಎಂದ. ಹಾಕಿದರು. ಒಳಗಿದ್ದವರು ಉಳಿದರು. ಹೊರಗಿದ್ದವರು ಬಾಗಿಲು ಬಡಿಯುತ್ತಾ ಬಡಿಯುತ್ತಾ ಸತ್ತರು.

ಒಬ್ಬರು ಸುಳ್ಳು ಹೇಳುತ್ತಿದ್ದರೆ ಜಗಳ ಬೇಗ ಬಗೆಹರಿಯುತ್ತದೆ. ಇಲ್ಲಿ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಉಳಿದವರು ದಳವಾಯಿಗೆ ಪ್ರತಿಮೆ ನಿಲ್ಲಿಸಿದರು. ದೀಪ ಹಚ್ಚಿದರು, ಹೂವು ಏರಿಸಿದರು, ವರ್ಷಕ್ಕೊಮ್ಮೆ ಹೊಸ ಬಟ್ಟೆ ಉಡಿಸಬೇಕು ಎಂದು ಕಟ್ಟಳೆ ಮಾಡಿದರು. ಆ ಬಟ್ಟೆಯನ್ನು ನೇಯ್ದು ಕೊಡಬೇಕಾದವರು ಯಾರು? ಕೇರಿಯಲ್ಲಿ ಸಾಯದೆ ಉಳಿದಿದ್ದ ನಾಲ್ಕಾರು ಮನೆಯವರು. ಅವರು ನೇಯ್ದರು, ಕೊಟ್ಟರು. ಅವರ ಮಕ್ಕಳೂ ಕೊಟ್ಟರು. ಕೊಡುವಾಗ ಯಾರ ಹೊಟ್ಟೆ ಎಷ್ಟು ಉರಿಯಿತು ಎಂದು ಯಾರೂ ವಿಚಾರಿಸಲಿಲ್ಲ.

ಕೇರಿಯಲ್ಲಿ ಒಬ್ಬ ನೇಕಾರನಿದ್ದ. ಬಿಸಿರಕ್ತದವನು, ಮಾತು ಬಲ್ಲವನು. ಒಂದು ವರ್ಷ ಅವನು ಬಟ್ಟೆ ತರಲಿಲ್ಲ. ಬರಿಗೈಯಲ್ಲಿ ಬಂದು ಪ್ರತಿಮೆಯ ಎದುರು ನಿಂತ.

"ನಮ್ಮೋರ್ನ ಕೊಂದ ಕೈಗೆ ನಾವೇ ಬಟ್ಟೆ ಉಡ್ಸಿದ್ದು ಸಾಕು. ಈ ಕಲ್ಲು ಇಳೀಬೇಕು" ಎಂದ.

ಕೋಟೆಯೊಳಗೆ ಒಬ್ಬ ವ್ಯಾಪಾರಿಯಿದ್ದ. ಪ್ರತಿಮೆಯ ದೀಪಕ್ಕೆ ಎಣ್ಣೆ ಹಾಕುವುದು ಅವನ ಮನೆತನದ ಕೆಲಸ. ಅವನು ಅಂಗಡಿಯಿಂದ ಇಳಿದು ಬಂದ.

"ಆ ಕೈ ಚಾಚದೆ ಇದ್ದಿದ್ರೆ ನಮ್ಮಪ್ಪನೂ ಇಲ್ಲ, ನಾನೂ ಇಲ್ಲ, ನೀನು ಬಟ್ಟೆ ಮಾರೋ ಈ ಸಂತೆನೂ ಇಲ್ಲ. ಕಲ್ಲಿಗೆ ಕೈ ಹಚ್ಚಿ ನೋಡು, ಆಮೇಲೆ ಹೇಳ್ತೀನಿ" ಎಂದ.

ಅಲ್ಲಿಗೆ ಸಂತೆ ನಿಂತಿತು. ಕೋಟೆಯಿಂದ ಕೇರಿಗೆ ನೂಲು ಹೋಗಲಿಲ್ಲ. ಕೇರಿಯಿಂದ ಕೋಟೆಗೆ ಬಟ್ಟೆ ಬರಲಿಲ್ಲ. ಬಾಗಿಲಿನ ಒಳಗೆ ಒಂದು ಗುಂಪು, ಹೊರಗೆ ಒಂದು ಗುಂಪು ದೊಣ್ಣೆ ಹಿಡಿದು ಕಾವಲು ಕೂತವು. ಸ್ನೇಹ ಇದ್ದವರು ಸ್ನೇಹ ಬಿಟ್ಟರು. ಸಾಲಾಗಿ ಕೂತು ಎಲೆಯಡಿಕೆ ಹಾಕುತ್ತಿದ್ದ ಮುದುಕರು ಕೂಡ ಎದುರು ಬದುರಾದರೆ ಉಗುಳಿ ಹೋಗುವಂತಾಯಿತು. ಯಾರೋ ಒಬ್ಬ ಕೆಮ್ಮಿದರೂ ಸಾಕು, ಹೊಡೆದಾಟ ಶುರುವಾಗುತ್ತದೆ ಎನ್ನುವ ಸ್ಥಿತಿ.

ಊರಿನ ಯಜಮಾನ ಹೆದರಿ ದೇವಸ್ಥಾನದ ಅರ್ಚಕನನ್ನು ಕರೆಸಿದ. ಅರ್ಚಕ ಒಂದು ದಾರಿ ಹೇಳಿದ. "ಗುಡಿ ದುರಸ್ತಿ ಮಾಡಬೇಕಾದಾಗ ಮೂರ್ತೀನ ಸರಿಸ್ತೀವಲ್ಲ, ಆಗ ಏನ್ ಮಾಡ್ತೀವಿ? ಮೂರ್ತಿಯಲ್ಲಿರೋ ಕಳೆಯನ್ನ ಮಂತ್ರದಿಂದ ಕೊಡದ ನೀರಿಗೆ ಇಳಿಸ್ತೀವಿ. ಕಳಾಕರ್ಷಣೆ ಅಂತಾರೆ ಅದಕ್ಕೆ. ಆಮೇಲೆ ಅದು ಬರೀ ಕಲ್ಲು, ಯಾರು ಮುಟ್ಟಿದ್ರೂ ದೋಷ ಇಲ್ಲ. ಇಷ್ಟು ಕಾಲ ಪೂಜೆ ತಗೊಂಡ ಪ್ರತಿಮೆಗೂ ಹಾಗೇ ಮಾಡಬಹುದು" ಎಂದ.

ಇದು ಎಲ್ಲರಿಗೂ ಹಿಡಿಸಿತು. ದಳವಾಯಿಯ ಮರ್ಯಾದೆ ಉಳಿಯಿತು ಎಂದುಕೊಂಡ ವ್ಯಾಪಾರಿ. ಹೇಗೋ ಕಲ್ಲು ಇಳಿಯಿತಲ್ಲ ಎಂದುಕೊಂಡ ನೇಕಾರ. ಒಬ್ಬ ಮನುಷ್ಯನನ್ನು ಪೀಠದಿಂದ ಇಳಿಸುವುದಕ್ಕೆ ದೇವರಿಗೆ ಮಾಡುವ ಶಾಸ್ತ್ರ ಮಾಡುತ್ತಿದ್ದೇವಲ್ಲ ಎಂದು ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಜಗಳ ಮುಗಿದರೆ ಸಾಕು ಎಂದು ಎಲ್ಲರೂ ತಲೆಯಾಡಿಸಿದರು.

ಆದರೆ ಕೊಡ ಹಿಡಿಯುವವರು ಯಾರು? "ಕೇಳ್ದೋರು ನೀವು, ಹಿಡಿಯೋರೂ ನೀವೇ. ಆ ಪಾಪಕ್ಕೆ ನಾವು ಕೈ ಕೊಡಲ್ಲ" ಎಂದ ವ್ಯಾಪಾರಿ. ನೇಕಾರ ತನ್ನವರ ಕಡೆ ತಿರುಗಿದ. ಒಬ್ಬನಿಗೆ ಬೆನ್ನುನೋವು. ಒಬ್ಬನ ಹೆಂಡತಿ ಬಸುರಿ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಅಷ್ಟರಲ್ಲಿ ಗುಂಪಿನ ಹಿಂದಕ್ಕೆ ಹೋಗಿದ್ದ. ನೇಕಾರನಿಗೂ ಮನೆಯಲ್ಲಿ ಹಾಲು ಕುಡಿಯುವ ಕೂಸಿತ್ತು. ಕೊನೆಗೆ ಅವನು ಬಾಗಿಲಿನ ಹೊರಗೆ ನಿಂತಿದ್ದ ತನ್ನ ಅತ್ತೆಯ ಕಡೆ ನೋಡಿದ.

ಅತ್ತೆ ಎಂದರೆ ಅವನ ತಂದೆಯ ಅಕ್ಕ. ಅವನ ತಾಯಿ ಸತ್ತ ಮೇಲೆ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಅವನ ಮನೆಯಲ್ಲೇ ಇದ್ದಳು, ಅವನ ಮಗ್ಗಕ್ಕೆ ನೂಲು ಸುತ್ತುತ್ತಿದ್ದಳು. ಅವಳ ಅಜ್ಜ, ಅಜ್ಜಿ ಇಬ್ಬರೂ ಆ ಹೆಬ್ಬಾಗಿಲಿನ ಹೊರಗೆ ಸತ್ತಿದ್ದರು. ಅವಳ ತಂದೆ ಆಗ ಕೂಸು. ಹೆಣಗಳ ನಡುವೆ ಸಿಕ್ಕಿಕೊಂಡು ಹೇಗೋ ಉಳಿದಿದ್ದ. ಪ್ರತಿಮೆ ಇಳಿಯಬೇಕು ಎಂದು ಅವಳು ಯಾವ ಸಭೆಯಲ್ಲೂ ಕೂಗಿರಲಿಲ್ಲ. ಹುಟ್ಟಿದಾಗಿನಿಂದ ಆ ಬಾಗಿಲಿನೊಳಗೆ ಕಾಲಿಟ್ಟಿರಲಿಲ್ಲ, ಅಷ್ಟೇ.

"ಸ್ವಲ್ಪ ಹೊತ್ತು ಅತ್ತೆ. ನಿಂಗಾದ್ರೆ ಹಿಂದೂ ಇಲ್ಲ, ಮುಂದೂ ಇಲ್ಲ" ಎಂದ ನೇಕಾರ.

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಅದು ಹೇಳುವ ಮಾತೇ? ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಆಯ್ತು ಕಣಪ್ಪ" ಎಂದಳು. ಬದುಕಿನಲ್ಲಿ ಮೊದಲ ಸಲ ಹೆಬ್ಬಾಗಿಲು ದಾಟಿ ಒಳಗೆ ಬಂದಳು.

ಅರ್ಚಕ ಮಂತ್ರ ಹೇಳಿದ. ಪ್ರತಿಮೆಯ ತಲೆಯಿಂದ ಕಾಲಿನವರೆಗೆ ದರ್ಭೆ ಆಡಿಸಿ, ಅದರ ತುದಿಯನ್ನು ತಾಮ್ರದ ಕೊಡದ ನೀರಿನಲ್ಲಿ ಅದ್ದಿದ. ಕೊಡವನ್ನು ಎತ್ತಿ ಅವಳ ಕೈಗೆ ಕೊಟ್ಟ. ಕೊಟ್ಟ ಮೇಲೆ ಹೇಳಿದ. "ಇನ್ನು ಈ ಕೊಡ ನೆಲ ಮುಟ್ಟಬಾರದು. ಎಲ್ಲಿ ನೆಲ ಮುಟ್ಟುತ್ತೋ, ಎಲ್ಲಿ ನೀರು ಬೀಳುತ್ತೋ, ಅಲ್ಲೇ ಅವನು ನೆಲೆ ನಿಂತ ಹಾಗೆ. ಈಗ ಹೇಳಿ, ಎಲ್ಲಿಗೆ ಒಯ್ಯೋದು?"

ಇಳಿಸುವುದು ಹೇಗೆ ಎಂದು ಸಭೆಯವರು ಗಂಟಲು ಒಣಗುವವರೆಗೆ ಮಾತಾಡಿದ್ದರು. ಇಳಿಸಿ ಎಲ್ಲಿಡುವುದು ಎಂದು ಯಾರೂ ಕೇಳಿರಲಿಲ್ಲ.

"ದೇವಸ್ಥಾನದ ಅಂಗಳಕ್ಕೆ" ಎಂದ ವ್ಯಾಪಾರಿ. "ಇಲ್ಲಿ ಮುಗೀತಿದ್ದ ಕೈನ ಅಲ್ಲಿ ಮುಗೀಬೇಕಾ?" ಎಂದು ಕೇರಿಯವರು ಎದ್ದು ನಿಂತರು. ಕೆರೆಗೆ ಸುರಿಯಿರಿ ಎಂದ ಯಜಮಾನ. ಅದೇ ಕೆರೆಯಲ್ಲಿ ಕೇರಿಯವರು ನೂಲು ತೊಳೆಯುತ್ತಿದ್ದರು, ಅದೇ ನೀರನ್ನು ಕುಡಿಯುತ್ತಿದ್ದರು. ಊರ ಹೊರಗೆ ಸುರಿಯಿರಿ ಎಂದರೆ, ಊರ ಹೊರಗೆ ಇದ್ದುದೇ ಕೇರಿ. ಕೇರಿಯಿಂದಾಚೆ ಎಂದರೆ ಹೊಲಗಳು. ಹೊಲದವರು ತಮ್ಮ ನೆಲಕ್ಕೆ ಬೇರೆಯವರ ದಳವಾಯಿ ಬೇಡ ಎಂದರು. ಕಸದ ಗುಂಡಿಗೆ ಎಂದು ಯಾರೋ ಹಿಂದಿನಿಂದ ಕೂಗಿದ. ಕೂಗಿದವನು ಯಾರು ಎಂದು ಒಳಗಿನವರು ದೊಣ್ಣೆ ಹಿಡಿದು ಹುಡುಕಿದರು.

ಬಿಸಿಲು ಏರಿತು. ಆ ಹೆಂಗಸು ಕೊಡ ಹಿಡಿದು ನಿಂತೇ ಇದ್ದಳು. ಅವಳ ಒಂದು ಕಡೆ ಕೋಟೆಯವರು, ಇನ್ನೊಂದು ಕಡೆ ಕೇರಿಯವರು. ಕೋಟೆಯವರು ದಳವಾಯಿಗೆ ಅಪಚಾರ ಆಗಬಾರದು ಎಂದು ಕೊಡವನ್ನು ಕಾಯುತ್ತಿದ್ದರು. ಕೇರಿಯವರು ಅವನು ತಮ್ಮ ಕಡೆಗೆ ಬೀಳಬಾರದು ಎಂದು ಕೊಡವನ್ನು ಕಾಯುತ್ತಿದ್ದರು. ಅವನನ್ನು ಕಂಡರಾಗದವರು ಕೂಡ ಈಗ ಅವನಿಗೇ ಕಾವಲು. ನೋಡುವವರಿಗೆ ನಗು ಬರಬೇಕಿತ್ತು. ಅಲ್ಲಿ ನಗುವವರು ಯಾರೂ ಇರಲಿಲ್ಲ.

"ಯಾರಾದ್ರೂ ಒಂದ್ ಗಳಿಗೆ ಹಿಡ್ಕೊಳ್ರಪ್ಪ. ಕೈ ಸೋತ್ ಹೋಯ್ತು" ಎಂದಳು ಅವಳು.

ವ್ಯಾಪಾರಿ ಮುಖ ತಿರುಗಿಸಿದ. ಅವಳ ಕೈಯಿಂದ ಕೊಡ ತೆಗೆದುಕೊಂಡರೆ ಪ್ರತಿಮೆ ಇಳಿಸಲು ತಾನೇ ಒಪ್ಪಿದಂತೆ ಎಂಬುದು ಅವನ ಲೆಕ್ಕ. ಕೇರಿಯ ಗಂಡಸರು ನೆಲ ನೋಡಿದರು. ಕೊಡದಲ್ಲಿದ್ದ ದಳವಾಯಿಯನ್ನು ಮುಟ್ಟುವುದು ಎಂದರೆ ಅವರಿಗೆ ಮೈ ಉರಿಯುತ್ತಿತ್ತು. ಅವಳು ಅವನನ್ನು ಎರಡು ಕೈಯಲ್ಲೂ ತಬ್ಬಿಕೊಂಡು ನಿಂತಿದ್ದಾಳೆ, ಅವಳಿಗೂ ಒಂದು ಮೈ ಇದೆ ಎಂಬುದು ಅವರಿಗೆ ತೋಚಲಿಲ್ಲ.

"ಅಲ್ಲಾಡಬೇಡ ಅತ್ತೆ" ಎಂದು ಮಾತ್ರ ನೇಕಾರ ಕೂಗಿದ.

ಕೊಡ ವಾಲಿತು. ಒಂದಿಷ್ಟು ನೀರು ತುಳುಕಿ ನೆಲಕ್ಕೆ ಬಿತ್ತು. ಅಂಗೈಯಗಲ ಮಣ್ಣು ತೇವವಾಯಿತು. ಕೋಟೆಯ ಕಡೆಯವನೊಬ್ಬ ನುಗ್ಗಿ ಬಂದು ಅದರ ಮೇಲೆ ಹೂವು ಇಟ್ಟ. ಕೇರಿಯವನೊಬ್ಬ ಆ ಹೂವನ್ನು ಕಾಲಿನಿಂದ ಹೊಸಕಿದ. ಹೂವು ಇಟ್ಟವನು ದೊಣ್ಣೆ ಬೀಸಿದ. ಹೊಸಕಿದವನ ಹಣೆ ಒಡೆಯಿತು. ಎರಡೂ ಕಡೆಯಿಂದ ಕಲ್ಲು ಹಾರಿದವು. ಆ ಮುದುಕಿ ನಟ್ಟನಡುವೆ, ತಲೆ ಕಾಯ್ದುಕೊಳ್ಳಲು ಕೈ ಎತ್ತುವಂತಿಲ್ಲ, ಓಡುವಂತಿಲ್ಲ. ಒಂದು ಕಲ್ಲು ಅವಳ ಭುಜಕ್ಕೆ ಬಡಿಯಿತು. ಅದು ಯಾವ ಕಡೆಯಿಂದ ಬಂತೋ ದೇವರಿಗೇ ಗೊತ್ತು.

ಆಗ ಅವಳು ಅರ್ಚಕನನ್ನು ಕೇಳಿದಳು. ಜೋರಾಗಿ ಕೇಳಲಿಲ್ಲ. ಆದರೂ ಹತ್ತಿರದವರು ಕೇಳಿಸಿಕೊಂಡು ಕೈ ತಡೆದರು, ಅವರನ್ನು ನೋಡಿ ಉಳಿದವರೂ ತಡೆದರು.

"ಸ್ವಾಮೀ, ಇದನ್ನ ಕುಡಿದ್ರೆ ಇವನು ಎಲ್ಲಿರ್ತಾನೆ?"

ಶಾಸ್ತ್ರದಲ್ಲಿ ಅಂಥ ಪ್ರಶ್ನೆ ಇರಲಿಲ್ಲ. "ಕುಡಿದವರಲ್ಲಿ ಇರ್ತಾನೆ ಅನ್ನಬೇಕು" ಎಂದ ಅರ್ಚಕ.

"ಹಂಗಾದ್ರೆ ಹೊಸದೇನಲ್ಲ ಬಿಡಿ" ಎಂದಳು ಅವಳು. "ನಮ್ಮಪ್ಪ ನಂಗೆ ಅನ್ನ ಕಲ್ಸಿ ಕೊಡೋವಾಗ್ಲೂ ಇವನ ಮಾತೇ ಆಡ್ತಿದ್ದ. ಆವಾಗಿಂದ್ಲೂ ಇವನು ಇಲ್ಲೇ ಅವ್ನೆ."

ಕೊಡ ಎತ್ತಿ ಬಾಯಿಗಿಟ್ಟಳು. ಇಡೀ ಕೊಡದ ನೀರನ್ನು ಒಬ್ಬ ಮುದುಕಿ ಕುಡಿಯುವುದು ಸುಲಭವಲ್ಲ. ನಿಂತು ನಿಂತು ಕುಡಿದಳು. ಕೆಮ್ಮಿದಳು, ಸೆರಗಿಗೆ ಬಿದ್ದುದನ್ನು ಹೀರಿಕೊಂಡಳು. ಯಾರೂ ಅವಳನ್ನು ತಡೆಯಲಿಲ್ಲ. ಖಾಲಿ ಕೊಡವನ್ನು ನೆಲದ ಮೇಲೆ ಇಟ್ಟು, ಎರಡೂ ಕೈಯನ್ನು ಕೊಡವಿದಳು.

"ಭಲೇ!" ಎಂದ ಚೆನ್ನವೀರ. ಅವನ ಕಣ್ಣು ತುಂಬಿತ್ತು. "ಜಗಳ ಮುಗಿಯಿತಲ್ಲ, ಗುರುಗಳೇ."

"ಮುಗಿಯಿತು. ಅವಳ ಪಾಡು ಶುರುವಾಯಿತು" ಎಂದು ಗುರುಗಳು ಮುಂದುವರಿಸಿದರು.

ಮೊದಲು ಅಲ್ಲಾಡಿದವನು ವ್ಯಾಪಾರಿ. ಕೇರಿಯವರ ನೆರಳು ಬಿದ್ದರೆ ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದ ಆ ಮನುಷ್ಯ ಪೇಟ ತೆಗೆದು, ಅವಳ ಕಾಲಿಗೆ ಅಡ್ಡ ಬಿದ್ದ. ಅವನ ಹಿಂದೆ ಕೋಟೆಯವರೆಲ್ಲ ಬಿದ್ದರು. ಅವರು ಬಿದ್ದುದು ಅವಳಿಗಲ್ಲ, ಅವಳ ಹೊಟ್ಟೆಯಲ್ಲಿದ್ದವನಿಗೆ. ಅವಳಿಗೂ ಅದು ಗೊತ್ತಿತ್ತು. ಅವಳು ಕಾಲು ಹಿಂದಕ್ಕೆ ಎಳೆದುಕೊಂಡು ತನ್ನವರ ಕಡೆ ತಿರುಗಿದಳು. ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು. ಕೇರಿಯವರು ಒಂದು ಹೆಜ್ಜೆ ಹಿಂದೆ ಇಟ್ಟರು. ನೇಕಾರನೂ ಇಟ್ಟ. ಆಮೇಲೆ ಎಲ್ಲರೂ ಬೇಗ ಬೇಗ ಬಾಗಿಲು ದಾಟಿ ಹೋದರು, ಅವಳಿಗಿಂತ ಮೊದಲು ಮನೆ ಸೇರಬೇಕು ಎನ್ನುವವರ ಹಾಗೆ.

ದಂಡು ಬಂದ ಆ ದಿನದಿಂದ ಕೇರಿಯ ಯಾವ ಮನೆಯ ಕದಕ್ಕೂ ಅಗುಳಿ ಇರಲಿಲ್ಲ. ಬಾಗಿಲು ಬಡಿಯುತ್ತಾ ಸತ್ತವರ ಮಕ್ಕಳು ಯಾರ ಮುಖದ ಮೇಲೂ ಬಾಗಿಲು ಹಾಕಬಾರದು ಎಂದು ಹಿರಿಯರು ಅಗುಳಿಗಳನ್ನು ಕಿತ್ತು ಒಲೆಗೆ ಹಾಕಿದ್ದರು. ಕಳ್ಳರು ಬಂದರೂ ಬರಲಿ ಎಂದು ಬಿಟ್ಟಿದ್ದರು. ಅಂದು ಸಂಜೆ ಅವಳು ಕೇರಿಗೆ ಬಂದಾಗ ಒಂದೊಂದೇ ಮನೆಯ ಕದ ಮುಚ್ಚಿಕೊಂಡಿತು. ಅಗುಳಿ ಇಲ್ಲದ ಕದಗಳಿಗೆ ಒಳಗಿನಿಂದ ಒರಳುಕಲ್ಲು ದಬ್ಬುವ ಸದ್ದು ಬೀದಿಗೆ ಕೇಳಿಸುತ್ತಿತ್ತು. ಅವಳು ಯಾವ ಮನೆಯ ಮುಂದೆಯೂ ನಿಲ್ಲದೆ ತನ್ನ ಮನೆಗೆ ಬಂದಳು.

ಕದ ತಳ್ಳಿದಳು. ಒಳಗಿನಿಂದ ಮಗ್ಗದ ಮರ ಅಡ್ಡ ಕೊಟ್ಟಿದ್ದರು.

"ಬಾಗ್ಲು ತೆಗಿಯಪ್ಪ" ಎಂದಳು.

ಕದದ ಹಿಂದಿನಿಂದ ನೇಕಾರನ ದನಿ ಬಂತು. ಅವನು ಅಳುತ್ತಿದ್ದ. "ಒಳಗೆ ಕೂಸೈತೆ ಅತ್ತೆ. ಬರೀ ನಾನೊಬ್ನೇ ಆಗಿದ್ರೆ ತೆಗೀತಿದ್ದೆ. ಇವರ್ನೆಲ್ಲ ಉಳಿಸ್ಕೊಬೇಕಲ್ಲ ನಾನು."

ಅವಳು ಕದಕ್ಕೆ ಕೈ ಊರಿ ನಿಂತಳು. ಆಮೇಲೆ ಬಡಿದಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಅಂಗಳದಲ್ಲಿ ಗದ್ದಲ ಹೆಚ್ಚಾಗಿತ್ತು. ಹಗ್ಗದವರು ಹಾರದವರನ್ನು ತಳ್ಳಿದರೋ, ಹಾರದವರು ಹಗ್ಗದವರನ್ನು ತಳ್ಳಿದರೋ, ಯಾರೋ ಬಿದ್ದ ಸದ್ದಾಯಿತು. "ಏನ್ ಹೇಳಿದ್ರು ಬುದ್ಧಿಯೋರು? ಬೇಗ ಬನ್ನಿ" ಎಂದು ಒಬ್ಬ ಕೂಗಿದ. ಚೆನ್ನವೀರ ಅವಸರದಿಂದ ಎದ್ದ. ಜನಕ್ಕೆ ಹೇಳುವುದಕ್ಕೆ ಅವನಿಗೆ ಒಂದು ಮಾತು ಬೇಕಾಗಿತ್ತು.

"ಕೊನೆಗೆ ಆ ಪ್ರತಿಮೆ ಏನಾಯಿತು, ಗುರುಗಳೇ? ಇಳಿಸಿದರೋ, ಉಳಿಸಿದರೋ?"

"ಅವಳಿಗೆ ಬಾಗಿಲು ತೆಗೆದರೇ ಎಂದು ನೀನೂ ಕೇಳಲಿಲ್ಲವಲ್ಲ, ಚೆನ್ನವೀರ" ಎಂದರು ಗುರುಗಳು.